ಚಿಕ್ಕಿಯನ್ನು ಹಾರಿಸಿದ ಗ್ರಾಫಿಕ್ಸ್ ಕಾರ್ಡು

೧. ನಾಯಿ ಕಚ್ಚದ ಮನೆ

ಕೈರೋದ ಗಲ್ಲಿಗಳಲ್ಲಿ, ಇಸ್ತಾಂಬುಲ್‌ನ ಅಂಗಡಿಸಾಲಿನಲ್ಲಿ ಮೂವತ್ತು ಪ್ರವಾಸಿಗರನ್ನು ಹಿಂದೆ ಹಾಕಿಕೊಂಡು ತಿರುಗಿದವಳು ನಾನು. ಒಬ್ಬರನ್ನೂ ಕಳೆದುಕೊಂಡವಳಲ್ಲ. ಅಂಥವಳು ಬಾರ್ಕೂರಿನ ಒಂದೇ ಕೆರೆಯ ಎದುರು ಮೂರನೇ ಸಲ ಸ್ಕೂಟರ್ ನಿಲ್ಲಿಸಿದ್ದೆ. ಇಂಥದ್ದು ನನಗೆ ಆಗುತ್ತಲೇ ಇರುತ್ತದೆ. ಹಿಂದಿನ ಸೀಟಿನಲ್ಲಿ ಚಿಕ್ಕಿ ಇದ್ದರೆ ತಪ್ಪದೆ ಆಗುತ್ತದೆ.

ಗದ್ದೆಯ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದವರೊಬ್ಬರನ್ನು ಚಿಕ್ಕಿಯೇ ಕರೆದಳು. "ಹ್ವಾಯ್, ಹಡ್ಗಲ್ ಕೆಲ್ಸ ಮಾಡ್ತ್ರಲ್ದಾ, ಅವ್ರ್ ಮನಿ ಎಲ್ಲಿತ್ತ್?"

ಅವರು ಕತ್ತಿ ಕೆಳಗಿಟ್ಟು ಕೈ ಒರೆಸಿಕೊಂಡರು. ಯಾವ ಊರು, ಯಾರ ಮನೆ, ಯಾರ ಸೊಸೆ ಎಲ್ಲ ವಿಚಾರಿಸಿದರು. ಚಿಕ್ಕಿಯ ಗಂಡನ ಕಡೆಯಿಂದ ದೂರದ ನೆಂಟಸ್ತಿಕೆಯೊಂದು ಸಿಕ್ಕಿದ ಮೇಲೆಯೇ ದಾರಿ ಹೊರಗೆ ಬಂತು.

"ಸೀದಾ ಹೋಯ್ನಿ. ಎಲ್ಲಾ ಮನಿಯಲ್ಲೂ ನಾಯಿ ಇತ್ತ್. ಕಚ್ಚುಕ್ ಬಂದ್ರೆ ಆ ಮನಿ ಅಲ್ಲ. ಸುಮ್ನೆ ಮಲ್ಕಂಡಿದ್ರೆ ಅದೇ."

ಮೂರು ಮನೆಗಳು ಆ ಮನೆಯಲ್ಲ ಎಂಬುದು ಚೆನ್ನಾಗಿಯೇ ಖಚಿತವಾಯಿತು. ನಾಲ್ಕನೆಯದರ ಅಂಗಳದಲ್ಲಿ ನಾಯಿ ಕಣ್ಣು ಕೂಡ ಬಿಡದೆ ಮಲಗಿತ್ತು. ಚಿಕ್ಕಿ ಸೀರೆಯ ಹರಿದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಇದೇ" ಎಂದಳು.

೨. ಅಲ್ಲಿಗೆ ಹೋದದ್ದು ಯಾಕೆಂದರೆ

ಚಿಕ್ಕಿ ಎಂದರೆ ನನ್ನ ಅಮ್ಮನ ತಂಗಿ. ಹಂಗಾರಕಟ್ಟೆಯಲ್ಲಿ ನಲವತ್ತು ವರ್ಷ ಮೀನು ಮಾರಿದವಳು. ಮಳೆಗಾಲದ ಹೊಳೆಯನ್ನು ಸಣ್ಣ ದೋಣಿಯಲ್ಲಿ ನಿಂತುಕೊಂಡೇ ದಾಟುತ್ತಾಳೆ, ಕೂರುವುದು ಹೆದರುಪುಕ್ಕಲರಿಗೆ ಎನ್ನುತ್ತಾಳೆ. ಅವಳ ಮಗಳು ಮಸ್ಕತ್‌ನಲ್ಲಿ ಚೊಚ್ಚಲ ಬಸುರಿ. ಬಾಣಂತನಕ್ಕೆ ಬೇರೆ ಯಾರೂ ಇಲ್ಲ. ವೀಸಾ ಬಂದಿತ್ತು, ಟಿಕೆಟ್ ಬಂದಿತ್ತು, ಹೊರಡಲು ಮೂರು ತಿಂಗಳಿತ್ತು. ವಿಮಾನ ಹತ್ತುವುದಿಲ್ಲ ಎಂದು ಚಿಕ್ಕಿ ಕೂತುಬಿಟ್ಟಿದ್ದಳು.

ಅವಳದ್ದು ಒಂದೇ ಪ್ರಶ್ನೆ. "ದೋಣಿ ಇಂಜಿನ್ ನಿಂತ್ರೆ ದೋಣಿ ತೇಲ್ತಿತ್ತ್. ಇದ್ರ್ ಇಂಜಿನ್ ನಿಂತ್ರೆ ಇದ್ ಎಂತ ಮಾಡ್ತಿತ್ತ್?"

ಪ್ರವಾಸದ ಕಂಪನಿಯಲ್ಲಿದ್ದು ಜನರ ಸಾವಿರ ಪ್ರಶ್ನೆಗಳಿಗೆ ಉತ್ತರ ಕೊಟ್ಟವಳು ನಾನು. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸರಿ ಎನಿಸಿತು. ತೆಕ್ಕಟ್ಟೆಯ ನನ್ನ ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವೊಂದಿತ್ತು. ಒಳಗೆ ಕೂತ ಹಾಗೆ ಎಲ್ಲ ಕಾಣುತ್ತದೆ, ನಾಲ್ಕು ಸಲ ಹಾರಿಸಿ ತೋರಿಸಿದರೆ ಹೆದರಿಕೆ ಇಳಿದೀತು ಎಂದುಕೊಂಡೆ.

ಆ ಕಂಪ್ಯೂಟರ್ ಮಾತ್ರ ಈಮೇಲ್ ನೋಡಲು ಕೊಂಡದ್ದು. ವಿಮಾನ ಮೇಲೇರಿತು, ನಿಂತಿತು. ನಾಲ್ಕು ಮಾರು ಹೋಯಿತು, ನಿಂತಿತು. ಆಕಾಶದಲ್ಲಿ ಗಕ್ಕ, ಗಕ್ಕ, ಗಕ್ಕ.

"ಮಧ್ಯ ಮಧ್ಯ ನಿಲ್ತಿತ್ತಲ್ಲೆ ಹೆಣೆ," ಎಂದಳು ಚಿಕ್ಕಿ. "ಅಲ್ಲ್ ನಿಂತ್ರೆ ಇಳುಕೆ ಏಣಿ ಇತ್ತಾ?"

ಅಲ್ಲಿಯವರೆಗೆ ಅವಳಿಗೆ ಬರಿಯ ಹೆದರಿಕೆ ಇತ್ತು. ನಾನು ಸಾಕ್ಷಿಯನ್ನೂ ಒದಗಿಸಿದೆ.

ಕುಂದಾಪುರದ ಕಂಪ್ಯೂಟರ್ ಅಂಗಡಿಯವರ ಹತ್ತಿರ ಓಡಿದೆ. ಅವರು ಎಲ್ಲ ಕಾಯಿಲೆಗೂ ರ‍್ಯಾಮ್ ಹಾಕಿಸಿ ಎನ್ನುವವರು. ಇಂಟರ್ನೆಟ್ ನಿಧಾನವಾದರೆ ರ‍್ಯಾಮ್, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ರ‍್ಯಾಮ್. ಹಾಕಿಸಿದೆ. ಮೊದಲು ಆಟ ತೆರೆಯಲು ಹತ್ತು ನಿಮಿಷ ಬೇಕಿತ್ತು, ಈಗ ಐದೇ. ಗಕ್ಕ ಗಕ್ಕ ಐದು ನಿಮಿಷ ಮುಂಚೆ ಶುರುವಾಯಿತು.

ಆಗ ಅವರು, ಹಾಗಾದರೆ ಗ್ರಾಫಿಕ್ಸ್ ಕಾರ್ಡೇ ಬೇಕು, ಚಿತ್ರ ಬಿಡಿಸುವ ಕೆಲಸ ಅದರದ್ದು ಎಂದರು. ಅಂಥದ್ದು ತಮ್ಮಲ್ಲಿ ಇಲ್ಲ, ಬಾರ್ಕೂರಿನಲ್ಲಿ ಹಡಗಿನವರೊಬ್ಬರು ರಜೆಗೆ ಬಂದಿದ್ದಾರೆ, ಹೊಸದು ತಂದು ಹಳೆಯದು ಮಾರುತ್ತಾರಂತೆ ಎಂದೂ ಹೇಳಿದರು.

೩. ಹೊಟ್ಟೆ ಉಬ್ಬಿದ್ದು

ಹಡಗಿನವರು ಸಜ್ಜನರು. ನಮಗೆ ಬೆಲ್ಲ ನೀರು ಕೊಟ್ಟು, ಒಳಗಿನಿಂದ ಕಾರ್ಡ್ ತಂದು ಜಗಲಿಯ ಮೇಲಿಟ್ಟರು. ಅದರ ಗುಣಗಳನ್ನು ನನಗೆ ಇಂಗ್ಲಿಷಿನಲ್ಲಿ ವಿವರಿಸತೊಡಗಿದರು. ನಾನು ಎಲ್ಲ ತಿಳಿದವಳ ಹಾಗೆ ತಲೆಯಾಡಿಸಿದೆ. ಅಷ್ಟರಲ್ಲಿ ಕಾರ್ಡ್ ಚಿಕ್ಕಿಯ ಕೈಯಲ್ಲಿತ್ತು.

ಅವಳು ಅದನ್ನು ಮಗುಚಿ ನೋಡಿದಳು. ಬೆರಳಿನಿಂದ ಒತ್ತಿದಳು. ಮೂಗಿನ ಹತ್ತಿರ ಹಿಡಿದಳು.

"ಇದ್ರ್ ಹೊಟ್ಟೆ ಉಬ್ಬಿತ್ತ್."

ನಾವಿಬ್ಬರೂ ಬಗ್ಗಿ ನೋಡಿದೆವು. ಸಾಲಾಗಿ ನಿಂತ ಸಣ್ಣ ಸಣ್ಣ ಡಬ್ಬಿಗಳಲ್ಲಿ ನಾಲ್ಕರ ತಲೆ ನಿಜವಾಗಿ ಉಬ್ಬಿತ್ತು. ಅವಕ್ಕೆ ಕೆಪಾಸಿಟರ್ ಎನ್ನುತ್ತಾರೆ, ಉಬ್ಬಿದವೆಂದರೆ ಅವುಗಳ ಆಯಸ್ಸು ಮುಗಿಯಿತು ಎಂದೇ ಲೆಕ್ಕ. ರಿಪೇರಿಯವರಿಗೆ ಗೊತ್ತಿರುವ ಸಂಗತಿ ಇದು. ಚಿಕ್ಕಿಗೆ ಅವುಗಳ ಹೆಸರು ಗೊತ್ತಿರಲಿಲ್ಲ. ಹೊಟ್ಟೆ ಉಬ್ಬಿದ ಮಾಲು ನಿನ್ನೆಯದು ಎಂಬುದು ಗೊತ್ತಿತ್ತು.

"ಇದ್ ಬೇಡ. ಒಳ್ಗೆ ಬೇರೆ ಇತ್ತ್ ಕಾಣಿ, ತಕಂಡ್ ಬನ್ನಿ," ಎಂದಳು, ಬುಟ್ಟಿಯ ಅಡಿಯಲ್ಲಿ ಒಳ್ಳೆಯ ಮೀನು ಮುಚ್ಚಿಟ್ಟವರಿಗೆ ಹೇಳುವ ದನಿಯಲ್ಲೇ.

ಇತ್ತು. ಅವರು ಒಳಗೆ ಹೋಗಿ ಇನ್ನೊಂದು ತಂದರು. ಈ ಸಲ ತಾವೇ ಒಮ್ಮೆ ಮೂಸಿ ನೋಡಿ ಚಿಕ್ಕಿಯ ಕೈಗೆ ಕೊಟ್ಟರು.

೪. ಮೇಲೆ ಹಾರಿಸಬೇಡಿ

ಕೊಂಡು ತಂದ ಆ ಎರಡನೇ ಕಾರ್ಡ್ ಎಷ್ಟು ಉದ್ದವಿತ್ತೆಂದರೆ ಅದನ್ನು ಹಾಕಿದ ಮೇಲೆ ಕಂಪ್ಯೂಟರಿನ ಡಬ್ಬಿಯ ಬಾಗಿಲು ಮುಚ್ಚಲಿಲ್ಲ. ತೆರೆದೇ ಬಿಟ್ಟು, ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟೆ. ಚಿಕ್ಕಿಯನ್ನು ಕರೆಸಿದೆ. ವಿಮಾನ ರನ್‌ವೇಯಲ್ಲಿ ಬೆಣ್ಣೆಯಂತೆ ಓಡಿತು. ಮೂತಿ ಎತ್ತಿತು, ಚಕ್ರ ನೆಲ ಬಿಟ್ಟಿತು. ಟಕ್. ಕಂಪ್ಯೂಟರೇ ಆರಿಹೋಯಿತು.

ಮತ್ತೊಮ್ಮೆ ಹಾರಿಸಿದೆ. ನೆಲ ಬಿಟ್ಟ ಕೂಡಲೇ ಟಕ್. ಮೂರನೇ ಸಲವೂ ಅದೇ ಜಾಗದಲ್ಲಿ. ಚಿಕ್ಕಿ ಎದ್ದು, ಟಿಕೆಟ್ ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ವಿಚಾರಿಸಿದಳು. ಆಗ ಎರಡು ತಿಂಗಳಷ್ಟೇ ಉಳಿದಿತ್ತು.

ಅಂಗಡಿಯವರು ತೆಕ್ಕಟ್ಟೆಗೆ ಬಂದರು. ಕರೆಂಟನ್ನು ಹಂಚಿ ಕೊಡುವ ಪೆಟ್ಟಿಗೆ, ಅವರ ಭಾಷೆಯಲ್ಲಿ ಎಸ್‌ಎಂಪಿಎಸ್, ಅದು ಸಾಲುವುದಿಲ್ಲ ಎಂದರು. ಅದರ ಮೇಲೆ ನಾನೂರೈವತ್ತು ವ್ಯಾಟ್ ಎಂದು ಬರೆದಿದೆಯಲ್ಲ ಎಂದೆ. ಬರೆಯುವುದು ಹೊರಗೆ, ಒಳಗೆ ಎಷ್ಟಿದೆ ಅಂತ ಯಾರೂ ನೋಡಿದವರಿಲ್ಲ ಎಂದು ಸಮಾಧಾನವಾಗಿ ಹೇಳಿದರು. ಈ ಪೆಟ್ಟಿಗೆಯನ್ನು ನನಗೆ ಮಾರಿದವರು ಅವರೇ. ರನ್‌ವೇಯಲ್ಲಿರುವಾಗ ಕಾರ್ಡಿಗೆ ಕೆಲಸ ಕಡಿಮೆ, ಮೇಲೆದ್ದರೆ ಇಡೀ ಊರನ್ನು ಒಟ್ಟಿಗೆ ತೋರಿಸಬೇಕು, ಆಗ ಅದು ಕರೆಂಟ್ ಎಳೆಯುತ್ತದೆ, ಪೆಟ್ಟಿಗೆ ಕೈ ಎತ್ತುತ್ತದೆ ಎಂದು ವಿವರಿಸಿದರು.

ಹೊಸದು ಬರುವ ತನಕ ಏನು ಮಾಡಲಿ ಎಂದು ಕೇಳಿದೆ.

"ಮೇಲೆ ಹಾರಿಸ್ಬೇಡಿ ಮೇಡಂ. ರನ್‌ವೇಯಲ್ಲೇ ಓಡಿಸಿ. ಏನೂ ತೊಂದ್ರೆ ಇಲ್ಲ."

ಚಿಕ್ಕಿಗೆ ಅವರು ಬಹಳ ಹಿಡಿಸಿದರು. "ಇವ್ರ್ ಹೇಳುದ್ ಸಮ. ಮಸ್ಕತ್‌ಗೂ ಹೀಂಗೇ ಹೋಪುಕಾತ್ತಾ, ಕೇಂಡ್ ಕಾಣ್."

೫. ಕಾರುಗಳನ್ನು ಮನೆಗೆ ಕಳಿಸಿದ್ದು

ಬ್ರಹ್ಮಾವರದಿಂದ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬರಬೇಕಾದಷ್ಟು ಭಾರದ ಎಸ್‌ಎಂಪಿಎಸ್ ತಂದೆ. ವಿಮಾನ ನೆಲ ಬಿಟ್ಟಿತು, ಕಂಪ್ಯೂಟರ್ ಆರಲಿಲ್ಲ. ಸಮುದ್ರದ ಮೇಲೆ ಸಲೀಸಾಗಿ ಹೋಯಿತು. ಮುಂಬೈ ಬಂತು, ಗಕ್ಕ ಗಕ್ಕ.

ಇನ್ನು ಪ್ರೊಸೆಸರ್ ಬದಲಿಸಬೇಕು ಎಂದರು ಅಂಗಡಿಯವರು. ಅದಕ್ಕೆ ಮದರ್‌ಬೋರ್ಡ್ ಬೇರೆ ಬೇಕು, ಆ ಬೋರ್ಡಿಗೆ ಬೇರೆ ರ‍್ಯಾಮ್. ಮದುವೆಗೆಂದು ಮನೆಯಲ್ಲಿ ಒಬ್ಬರಿಗೆ ಸೀರೆ ತೆಗೆದ ಹಾಗೆ, ಅಲ್ಲಿಗೆ ನಿಲ್ಲುವುದಿಲ್ಲ. ಆಟದ ಸೆಟ್ಟಿಂಗಿನಲ್ಲಿ ಮೋಡ, ಅಲೆಯ ಹೊಳಪು, ರಸ್ತೆಯ ವಾಹನ ಎಲ್ಲವನ್ನೂ ನಾನು ತುದಿಗೆ ಏರಿಸಿಟ್ಟಿದ್ದೆ. ಇಷ್ಟು ದೊಡ್ಡ ಕಾರ್ಡ್ ತಂದು ಕಡಿಮೆ ಮಾಡುವುದೆಂದರೆ ಅವಮಾನವಲ್ಲವೇ.

ಚಿಕ್ಕಿ ಪರದೆಯ ಕೆಳಗಡೆ ಕಣ್ಣು ಕಿರಿದಾಗಿಸಿ ನೋಡುತ್ತಿದ್ದಳು. ಅಲ್ಲಿ ಇರುವೆಗಳ ಹಾಗೆ ಓಡುವುದು ಏನು ಎಂದು ಕೇಳಿದಳು. ಮುಂಬೈಯ ಕಾರುಗಳು ಎಂದೆ.

"ನಾವ್ ಹೋಪ್ದ್ ಮಸ್ಕತ್‌ಗೆ. ಅವ್ರ್ ಎಂತಕೆ ಓಡುದ್? ಅವ್ರನ್ನ ಮನಿಗ್ ಕಳ್ಸ್."

ಕಾರುಗಳನ್ನು ತೆಗೆದೆ. ಅವಳೇ ಹೇಳಿ ಮೋಡವನ್ನೂ ಅರ್ಧ ಇಳಿಸಿದಳು. ವಿಮಾನ ಎಣ್ಣೆಯ ಮೇಲೆ ಜಾರಿದ ಹಾಗೆ ಹೋಯಿತು. ಇದನ್ನು ಅಂಗಡಿಯವರಿಗೆ ಫೋನಿನಲ್ಲಿ ಹೇಳಿದೆ. ನಿಮ್ಮ ಚಿಕ್ಕಿಗೆ ಶನಿವಾರ ಬಿಡುವಿರುತ್ತದಾ, ಅಂಗಡಿಗೆ ಬಂದು ಕೂರುತ್ತಾರಾ ಎಂದು ಕೇಳಿದರು.

೬. ಇಂಜಿನ್ ಬಂದ್

ಹೊರಡಲು ಹತ್ತು ದಿನವಿರುವಾಗ, ಎಲೆಯಡಿಕೆ ಜಗಿಯುತ್ತ ಪಕ್ಕದಲ್ಲಿ ಕೂತಿದ್ದ ಚಿಕ್ಕಿ, "ಈಗ ಇಂಜಿನ್ ಬಂದ್ ಮಾಡ್" ಎಂದಳು.

ಎಲ್ಲವೂ ಇದರ ಮೇಲೆ ನಿಂತಿತ್ತು. ಇಂಜಿನ್ ನಿಂತರೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ತೇಲುತ್ತ ಇಳಿಯುತ್ತದೆ, ಬಲ್ಲವರು ನೆಲ ಮುಟ್ಟಿಸುತ್ತಾರೆ. ಬಲ್ಲವರು. ನಾನು ಇಂಜಿನ್ ಇದ್ದಾಗಲೇ ಹತ್ತಕ್ಕೆ ಒಂಬತ್ತು ಸಲ ಪಕ್ಕದ ಗುಡ್ಡಕ್ಕೆ ಇಳಿಸುವವಳು. ಪ್ರತಿ ಸಲವೂ ಆಟ ಮುಗಿದುಹೋಗುತ್ತದೆಂದು ಬೇಸರವಾಗಿ, ವಿಮಾನ ಎಲ್ಲಿ ಬಿದ್ದರೂ ಒಡೆಯಬಾರದು ಎಂದು ಸೆಟ್ಟಿಂಗಿನಲ್ಲಿ ಬದಲಿಸಿಟ್ಟಿದ್ದೆ. ಚಿಕ್ಕಿಗೆ ಅದನ್ನು ಹೇಳಿರಲಿಲ್ಲ.

ಸಮುದ್ರದ ಮೇಲೆ ಇಂಜಿನ್ ನಿಲ್ಲಿಸಿದೆ. ದೂರದಲ್ಲಿ ರನ್‌ವೇ ಕಾಣುತ್ತಿತ್ತು. ಆ ನಿಶ್ಶಬ್ದದಲ್ಲಿ ಕಾರ್ಡಿನ ಫ್ಯಾನ್ ಕಿರುಗುಟ್ಟಲು ಶುರುಮಾಡಿತು. ಚಿತ್ರ ಒಮ್ಮೆ ಗಕ್ಕ್ ಎಂದಿತು. ಈಗ ಇದು ನಿಂತರೆ ಚಿಕ್ಕಿ ಹತ್ತುವುದಿಲ್ಲ, ಆ ಹುಡುಗಿ ಹಸಿಗೂಸನ್ನಿಟ್ಟುಕೊಂಡು ಪರದೇಶದಲ್ಲಿ ಒಬ್ಬಳೇ. ನನಗೆ ಹರಕೆ ಗಿರಕೆಯಲ್ಲಿ ನಂಬಿಕೆ ಇಲ್ಲ. ಆದರೂ ಬಾಯಿ ಅದರಷ್ಟಕ್ಕೇ ಹೇಳಿತು: ದೇವರೇ, ಈ ಕಾರ್ಡ್ ಇನ್ನು ಐದು ನಿಮಿಷ ನಡೆಯಲಿ, ಬೆಳ್ಳಿಯಲ್ಲಿ ಇಂಥದ್ದೇ ಮಾಡಿಸಿ ಒಪ್ಪಿಸುತ್ತೇನೆ. ಚಿಕ್ಕಿಯೂ ಕೇಳಿಸಿಕೊಂಡು ಕೈ ಮುಗಿದಳು.

ಕಾರ್ಡ್ ನಡೆಯಿತು. ಕೈಕೊಟ್ಟವಳು ನಾನು. ರನ್‌ವೇ ಇನ್ನೂ ಒಂದು ಮೈಲಿ ಇರುವಾಗಲೇ ವಿಮಾನ ಇಳಿದು ಸಮುದ್ರದ ಮೇಲೆ ಕೂತಿತು. ಒಡೆಯಲಿಲ್ಲ, ಮುಳುಗಲಿಲ್ಲ. ಕೊಕ್ಕರೆಯಂತೆ ಸುಮ್ಮನೆ ಕೂತಿತು.

ಚಿಕ್ಕಿ ಮುಂದೆ ಬಗ್ಗಿ ರೆಕ್ಕೆಯನ್ನು ಬೆರಳಿನಿಂದ ಮುಟ್ಟಿದಳು.

"ತೇಲ್ತಿತ್ತಲ್ಲೆ ಹೆಣೆ."

"ಹೂಂ."

"ನಮ್ಮ್ ದೋಣಿ ಕಣಂಗೇ ಇತ್ತಲ್ಲೆ. ಇಷ್ಟ್ ದಿನ ಎಂತಕೆ ಹೇಳ್ಲಿಲ್ಲ ನೀನ್?"

ಎದ್ದವಳೇ ಬ್ಯಾಗಿಗೆ ಬಟ್ಟೆ ತುಂಬಲು ಊರಿಗೆ ಹೊರಟಳು. ಪ್ರವಾಸಿಗರಿಗೆ ನಾನು ಬಹಳ ಸುಳ್ಳು ಹೇಳಿದ್ದೇನೆ. ಬಾಯಿ ಬಿಡದೆ ಹೇಳಿದ್ದು ಇದೊಂದೇ.

೭. ಮಸ್ಕತ್‌ನಿಂದ ಫೋನು

ಆ ವಾರ ನನ್ನದೊಂದು ತಂಡವಿದ್ದುದರಿಂದ ಚಿಕ್ಕಿ ಮಂಗಳೂರಿನಿಂದ ಒಬ್ಬಳೇ ಹೋದಳು. ಮರುದಿನ ಫೋನು ಬಂತು. ಮಗಳು ಹೇಗಿದ್ದಾಳೆ ಎಂದರೆ ಅದು ಆಮೇಲೆ ಎಂದಳು.

"ವಿಮಾನದವ್ರದ್ದ್ ಕಾರ್ಡ್ ಒಳ್ಳೇದಿತ್ತ್. ಅಷ್ಟ್ ಮೋಡ ಹಾಕಿದ್ರ್, ಒಂದ್ ಸಲವೂ ಗಕ್ಕ್ ಅನ್ಲಿಲ್ಲ."

ಪಕ್ಕದ ಸೀಟಿನವರೊಬ್ಬರು ಹೆದರಿ ನಡುಗುತ್ತಿದ್ದರಂತೆ. ಇವಳು ಅವರ ಕೈ ಹಿಡಿದು, ಹೆದರಬೇಡಿ, ಇಂಜಿನ್ ನಿಂತು ಸಮುದ್ರಕ್ಕೆ ಬಿದ್ದರೂ ಇದು ತೇಲುತ್ತದೆ, ನಾನೇ ಕಣ್ಣಾರೆ ನೋಡಿದ್ದೇನೆ ಎಂದಳಂತೆ. ಅವರಿಗೆ ಧೈರ್ಯ ಬಂತಾ ಎಂದು ಕೇಳಿದೆ.

"ಇಲ್ಲ. ಅವ್ರ್ ಎದ್ದ್ ಬೇರೆ ಸೀಟಿಗ್ ಹೋದ್ರ್."

ಎರಡು ವಾರಕ್ಕೆ ಹೆಣ್ಣು ಮಗು ಹುಟ್ಟಿತು. ಬಾಣಂತಿ, ಅಜ್ಜಿ ಇಬ್ಬರೂ ಆರೋಗ್ಯ.

೮. ಯಾವ ಅಂಗ

ಹರಕೆ ಉಳಿಯಿತು. ಚಿಕ್ಕಿ ಪ್ರತಿ ಫೋನಿನಲ್ಲೂ, ಕೊಟ್ಟಾಯ್ತಾ, ದೇವರು ಮರೆಯುವುದಿಲ್ಲ ಎನ್ನುತ್ತಿದ್ದಳು.

ಕುಂದಾಪುರದಲ್ಲಿ ಬೆಳ್ಳಿ ಕೆಲಸ ಮಾಡುವ ಆಚಾರರ ಅಂಗಡಿಗೆ ಹೋದೆ. ನಮ್ಮ ಕಡೆ ಕಣ್ಣು ನೋವು ವಾಸಿಯಾದರೆ ಬೆಳ್ಳಿಯ ಕಣ್ಣು, ಕಾಲು ವಾಸಿಯಾದರೆ ಬೆಳ್ಳಿಯ ಕಾಲು ಒಪ್ಪಿಸುತ್ತಾರೆ. ಅವೆಲ್ಲ ತಟ್ಟೆಯಲ್ಲಿ ಸಿದ್ಧವಿದ್ದವು, ದೋಣಿ ಕೂಡ. ನಾನು ಕಂಪ್ಯೂಟರಿನಿಂದ ಬಿಚ್ಚಿ ತಂದ ಕಾರ್ಡನ್ನು ಅವರ ಮುಂದಿಟ್ಟೆ. ಅವರು ಭೂತಗನ್ನಡಿ ಹಾಕಿಕೊಂಡು ಬಹಳ ಹೊತ್ತು ನೋಡಿ, ಇದು ಮನುಷ್ಯರದ್ದಾ ಎಂದು ಕೇಳಿದರು. ಅಲ್ಲ ಎಂದೆ. ಫ್ಯಾನ್ ತಿರುಗುತ್ತದಾ ಎಂದರು. ಹೌದು ಎಂದೆ. ಹಾಗಾದರೆ ತಿರುಗುವ ಹಾಗೇ ಮಾಡಬೇಕು, ದೇವರಿಗೆ ಕೊಡುವುದಲ್ಲವೇ ಎಂದು ಹೆಬ್ಬೆರಳಿನಷ್ಟು ಉದ್ದದ್ದು ಮಾಡಿಕೊಟ್ಟರು.

ದೇವಸ್ಥಾನದಲ್ಲಿ ನನ್ನ ಮುಂದೆ ಒಬ್ಬರು ಮೊಣಕಾಲು, ಇನ್ನೊಬ್ಬರು ಕಣ್ಣು ಒಪ್ಪಿಸಿದರು. ನನ್ನದನ್ನು ಭಟ್ಟರು ಅಂಗೈಯಲ್ಲಿಟ್ಟು ಮಗುಚಿ ನೋಡಿದರು.

"ಇದು ಯಾವ ಅಂಗ?"

ನಾನು ಎಲ್ಲ ಹೇಳಿದೆ. ಚಿಕ್ಕಿ, ಮಸ್ಕತ್, ಗಕ್ಕ ಗಕ್ಕ, ಇಂಜಿನ್ ಬಂದ್. ಹಿಂದೆ ನಿಂತವರೂ ಹತ್ತಿರ ಬಂದು ಕೇಳಿದರು. ವಿಮಾನ ತೇಲಿದ್ದು ಹೇಗೆಂದು ಮಾತ್ರ ಹೇಳಲಿಲ್ಲ. ಭಟ್ಟರು ಸಂಕಲ್ಪಕ್ಕೆ ಹೆಸರು ಕೇಳಿದರು. ಚಿಕ್ಕಿಯದು ಹೇಳಿದೆ. ಅವರದ್ದಲ್ಲ, ಹರಕೆಯಿಂದ ಉಳಿದುಕೊಂಡದ್ದು ಯಾರೋ ಅವರದ್ದು ಎಂದರು. ಕಾರ್ಡಿನ ನಂಬರ್ ಹೇಳಿದೆ. ಅವರು ಅದನ್ನು ಮಂತ್ರದ ನಡುವೆ ತಪ್ಪಿಲ್ಲದೆ ಸೇರಿಸಿ, ತಲೆ ಎತ್ತದೆ, ನಕ್ಷತ್ರ ಎಂದರು.

"ಗೊತ್ತಿಲ್ಲ ಭಟ್ರೇ. ಹುಟ್ಟಿದ್ದು ತೈವಾನ್‌ನಲ್ಲಿ."

"ಅಡ್ಡಿಲ್ಲ," ಎಂದು ಮುಂದುವರಿಸಿದರು.

ಮಂಗಳಾರತಿ ಆಯಿತು. ತಟ್ಟೆಯಲ್ಲಿಡುವ ಮುಂಚೆ ಭಟ್ಟರು ಉಗುರಿನಿಂದ ಫ್ಯಾನನ್ನು ಒಮ್ಮೆ ತಿರುಗಿಸಿದರು. ತಿರುಗಿತು. ಆಚೀಚೆ ನೋಡಿ ಇನ್ನೊಮ್ಮೆ ತಿರುಗಿಸಿದರು. ಆಮೇಲೆ ಅದನ್ನು ಮೊಣಕಾಲಿಗೂ ಕಣ್ಣಿಗೂ ನಡುವೆ ಇಟ್ಟು, ನನಗೆ ಪ್ರಸಾದ ಕೊಡುತ್ತ ಮೆಲ್ಲಗೆ ಹೇಳಿದರು:

"ಹೋದ ವರ್ಷ ಒಬ್ರು ಬೆಳ್ಳಿ ಪಂಪ್‌ಸೆಟ್ ಕೊಟ್ಟಿದ್ರು. ಅದು ತಿರುಗ್ತಿರ್ಲಿಲ್ಲ."