ಕುಂಕುಮ ಬಿದ್ದ ಗಾಡಿ

ಅನಂತಲಕ್ಷ್ಮಿ ರಂಗೋಲಿಯ ತಾವರೆಗೆ ಕೊನೆಯ ದಳ ಎಳೆಯುತ್ತಿದ್ದಾಗ ಎದುರುಮನೆಯ ಕಾರು ಹಿಂದಕ್ಕೆ ಬಂತು. ಬಂದು, ಮೂರು ದಳಗಳನ್ನು ಚಕ್ರಕ್ಕೆ ಮೆತ್ತಿಕೊಂಡು ಮುಂದಕ್ಕೆ ಹೋಯಿತು.

"ಅಯ್ಯೋ, ಸಾರಿ ಕಣ್ರೀ!" ಗಂಡ ಹನುಮಯ್ಯನ ಪಕ್ಕ ಕೂತಿದ್ದ ಕೋಕಿಲಾ ಕಿಟಕಿಯಿಂದ ತಲೆ ಹೊರಹಾಕಿದಳು. "ನಮ್ ಗಾಡಿ ಎತ್ತರ ನೋಡಿ, ಕೆಳಗಿರೋದು ಕಾಣೋದೇ ಇಲ್ಲ."

ಕೆಳಗಿರೋದು ಅಂದರೆ ರಂಗೋಲಿಯೋ ತಾನೋ ಎಂದು ಅನಂತಲಕ್ಷ್ಮಿ ಕುಕ್ಕರಗಾಲಲ್ಲಿ ಕೂತೇ ಯೋಚಿಸಿದಳು.

ಪೆಟ್ರೋಲು ಐವತ್ತು ರೂಪಾಯಿ ದಾಟಿದ ವರ್ಷ ಅದು. ಕೋಕಿಲಾಳ ಕಾರು ಅಪ್ಪನ ಕೋಟು ಹಾಕಿಕೊಂಡ ಮಗುವಿನ ಹಾಗೆ ಪುಟ್ಟದಾಗಿದ್ದೂ ಜೀಪಿನ ಠೀವಿಯದು. ಪೆಟ್ರೋಲಿನಲ್ಲೂ ಓಡುತ್ತಿತ್ತು, ಗ್ಯಾಸಿನಲ್ಲೂ ಓಡುತ್ತಿತ್ತು. "ನಮ್ಮದು ಎರಡರಲ್ಲೂ ಓಡುತ್ತೆ" ಎಂಬುದು ಬಸವೇಶ್ವರನಗರದ ಆ ಅಡ್ಡರಸ್ತೆಯ ನಾಯಿಗಳಿಗೂ ಗೊತ್ತಾಗಿತ್ತು. ಆ ಕಾರು ಬಂದ ದಿನದಿಂದ ಅನಂತಲಕ್ಷ್ಮಿಯ ಹೊಟ್ಟೆಯಲ್ಲೂ ಒಂದು ಸಿಲಿಂಡರ್ ಕೂತಿತ್ತು. ಕೋಕಿಲಾಳ ಮುಖ ಕಂಡರೆ ಸಾಕು, ಕಡ್ಡಿ ಗೀರದೆ ಹತ್ತಿಕೊಳ್ಳುತ್ತಿತ್ತು.

ಅನಂತಲಕ್ಷ್ಮಿಯ ಗಂಡ ಕಿಟ್ಟಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ಅಂಥದೇ ಗಾಡಿ ಕೊಳ್ಳಬೇಕೇ ಬೇಡವೇ ಎಂದು ಮೂರು ತಿಂಗಳಿಂದ ಕಾಗದದ ಮೇಲೆ ಗೆರೆ ಎಳೆದು, ಎಡಕ್ಕೆ ಲಾಭ ಬಲಕ್ಕೆ ನಷ್ಟ ಬರೆಯುತ್ತಿದ್ದ. ಲೈಸೆನ್ಸ್ ಇತ್ತು, ಧೈರ್ಯವಿರಲಿಲ್ಲ. ಹತ್ತೊಂಬತ್ತು ವರ್ಷದ ಸ್ಕೂಟರೇ ಮನೆಯ ವಾಹನ. ಬೆಳಿಗ್ಗೆ ತಣ್ಣಗಾದ ಸ್ಕೂಟರನ್ನು ಎಡಕ್ಕೆ ಬಗ್ಗಿಸಿ, ಹನ್ನೊಂದು ಎಣಿಸಿ, ನೆಟ್ಟಗೆ ಮಾಡಿ ಒದ್ದರೆ ಮಾತ್ರ ಹತ್ತುತ್ತಿತ್ತು. ಇಲ್ಲದಿದ್ದರೆ ಕಾಲು ಮುರಿದರೂ ಇಲ್ಲ. ಈ ಗುಟ್ಟು ಕಂಡುಹಿಡಿದವಳು ಅನಂತಲಕ್ಷ್ಮಿಯೇ.

"ಇವತ್ತು ಹತ್ತು ಗಂಟೆಗೆ ಶೋರೂಮ್‌ನವರು ಗಾಡಿ ತರ್ತಾರೆ ಕಣೇ," ಎಂದ ಕಿಟ್ಟಿ. "ಸುಮ್ನೆ ಒಂದು ರೌಂಡ್ ಹೋಗಿ ನೋಡೋದು. ತಗೊಳ್ಳೋದಲ್ಲ."

ಹತ್ತಕ್ಕೆ ಸರಿಯಾಗಿ ಬಿಳಿ ಕಾರು ಬಂದು ಗೇಟಿನ ಮುಂದೆ, ಅಳಿದುಳಿದ ತಾವರೆಯ ಮೇಲೆಯೇ ನಿಂತಿತು. ಟೈ ಕಟ್ಟಿದ ಅಭಿನವ್ ಎಂಬ ಸೇಲ್ಸ್‌ಮನ್ ಇಳಿದು ಬಾಗಿಲು ತೆಗೆದ. ಕಿಟ್ಟಿ ಒಳಗೆ ಕಾಲಿಡುವ ಮೊದಲೇ ಮಹಡಿಯ ಬಾಡಿಗೆಯ ಹೊನ್ನವ್ವ ಆರತಿ ತಟ್ಟೆ ಹಿಡಿದು ದಡದಡ ಇಳಿದುಬಂದಳು. ಹಾವೇರಿ ಕಡೆಯಿಂದ ಬಂದು ಇನ್ನೂ ವರ್ಷವಾಗಿರಲಿಲ್ಲ. ಬೇರೆಯವರ ಸಂತೋಷವನ್ನು ಸುಮ್ಮನೆ ನಿಂತು ನೋಡುವ ಬೆಂಗಳೂರಿನ ಅಭ್ಯಾಸ ಅವಳಿಗೆ ಆಗಿರಲಿಲ್ಲ.

"ಅಯ್ಯ ಅಕ್ಕಾರ! ಗಾಡಿ ತಂದೀರಿ, ಒಂದ್ ಮಾತು ಹೇಳಬಾರದೇನ್ರಿ?"

"ಅಲ್ಲ ಹೊನ್ನವ್ವ, ಇದು ಇನ್ನೂ..."

"ಸರೀರಿ ಸರ ಬಾಜೂಕ! ದೃಷ್ಟಿ ಆಕ್ಕೈತಿ." ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣು ಹೋದವು. ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ ಹತ್ತಿತು. ಅಭಿನವ್ "ಆಂಟಿ, ಆಂಟಿ" ಎಂದು ಗಾಡಿಯ ಸುತ್ತ ಓಡುತ್ತಿದ್ದಾಗ ಎದುರುಮನೆ ಗೇಟು ಕಿರುಗುಟ್ಟಿತು.

"ಏನ್ರೀ ಇದು, ತಗೊಂಡೇಬಿಟ್ರಾ?" ಕೋಕಿಲಾ ಕೇಳಿದಳು.

'ಇಲ್ಲ' ಎನ್ನಲು ಎಷ್ಟು ಹೊತ್ತು? ಆದರೆ ಕೋಕಿಲಾಳ ಮುಖ ಒಡೆದ ಹಾಲಿನ ಹಾಗಾಗಿತ್ತು. ಮೂರು ತಿಂಗಳಿಂದ ಅಂಥ ಒಂದು ಮುಖಕ್ಕಾಗಿ ಕಾದಿದ್ದವಳ ಬಾಯಿಂದ ಆ ಮಾತು ಹೊರಡಲಿಲ್ಲ.

"ಹೂಂ. ಹೋದ ಶುಕ್ರವಾರನೇ ಬುಕ್ ಮಾಡಿದ್ವಿ," ಎಂದಳು ಅನಂತಲಕ್ಷ್ಮಿ.

ಗಂಡನಿಗೆ ಹೇಳಲು ಕೋಕಿಲಾ ಒಳಗೆ ಓಡಿದಳು. ಅಷ್ಟರಲ್ಲಿ ಹೊನ್ನವ್ವ ತೆಂಗಿನಕಾಯಿ ಮೂರು ಸಲ ನೀವಾಳಿಸಿ ನೆಲಕ್ಕೆ ಅಪ್ಪಳಿಸಿದಳು. ಅರ್ಧ ಹೋಳು ಅಲ್ಲೇ ಬಿತ್ತು. ಇನ್ನರ್ಧ ಪುಟಿದು ಮುಂದಿನ ದೀಪಕ್ಕೆ ಬಡಿಯಿತು. ಟಪ್.

"ಸಾರ್, ಇದು ಡೆಮೋ ಗಾಡಿ ಸಾರ್," ಅಭಿನವ್ ಅಳುವುದೊಂದು ಬಾಕಿ. "ಪೂಜೆ ಆಗಿರೋ ಗಾಡಿ ಇನ್ಯಾರಿಗೆ ತೋರಿಸ್ಲಿ? ಯಾರೋ ಬೇಡ ಅಂತ ಬಿಟ್ಟಿದ್ದು ಅಂದ್ಕೋತಾರೆ." ಮ್ಯಾನೇಜರಿಗೆ ಫೋನು ಹೋಯಿತು. ಇದೇ ಗಾಡಿ ತೆಗೆದುಕೊಂಡರೆ ಬೆಲೆಯಲ್ಲಿ ಸ್ವಲ್ಪ ಬಿಡುವುದಾಗಿಯೂ, ಅಡ್ವಾನ್ಸ್ ಕೊಟ್ಟರೆ ಗಾಡಿ ಇವರ ಮನೆ ಮುಂದೆಯೇ ಇರಲೆಂದೂ ಉತ್ತರ ಬಂತು. ಬೇಡವಾದರೆ ದೀಪದ ದುಡ್ಡು ಕೊಡಬೇಕು.

"ದೀಪದ ದುಡ್ಡು ಕೊಟ್ಟು ಕಳಿಸ್ಬಿಡೋಣ ಕಣೇ," ಕಿಟ್ಟಿ ಪಿಸುಗುಟ್ಟಿದ.

"ಕಳ್ಸಿ. ನಾಳೆ ಎದುರುಮನೆಯವಳು ಗಾಡಿ ಎಲ್ಲಿ ಅಂತ ಕೇಳ್ತಾಳೆ, ನೀವೇ ಉತ್ತರ ಕೊಡಿ. ರಂಗೋಲೀನೂ ನೀವೇ ಹಾಕಿ. ನಾನಂತೂ ಹೊರಗೆ ಬರಲ್ಲ."

ಮೂರು ತಿಂಗಳ ಲಾಭನಷ್ಟದ ಲೆಕ್ಕ ಅಲ್ಲಿಗೆ ಮುಗಿಯಿತು. ಕಿಟ್ಟಿ ಚೆಕ್‌ಬುಕ್ ಜೇಬಿಗಿಳಿಸಿ, ಅಭಿನವ್‌ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶೋರೂಮಿಗೆ ಹೊರಟ.

ಮಧ್ಯಾಹ್ನ ಅನಂತಲಕ್ಷ್ಮಿ ರಸ್ತೆಯುದ್ದಕ್ಕೂ ಪೇಡೆ ಹಂಚಿ, ಕಾರಿನೊಳಗೆ ಹೋಗಿ ಸುಮ್ಮನೆ ಕೂತಳು. ಹೊಸ ವಾಸನೆ. ಬೆವರು. ಆದರೂ ಎದೆ ತಂಪಾಗಿತ್ತು. ಕೋಕಿಲಾ ಪೇಡೆ ಹಿಡಿದುಕೊಂಡೇ ಬಂದು ಪಕ್ಕದ ಸೀಟಿನಲ್ಲಿ ಕೂತಳು.

"ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ. ನಿಮ್ಮನ್ನ ನೋಡಿದ್ರೆ ನಂಗೆ ಹೊಟ್ಟೆ ಉರೀತಿತ್ತು ಕಣ್ರೀ."

"ನನ್ನನ್ನಾ?"

"ಇನ್ಯಾರನ್ನ? ಸಾಯಂಕಾಲ ಆದ್ರೆ ಸ್ಕೂಟರ್ ಹತ್ತಿ ವಿಜಯನಗರಕ್ಕೆ ಹೋಗಿ ಹೂವು ತಗೊಂಡು, ಮಲ್ಲತ್ತಹಳ್ಳಿ ಕೆರೆ ಹತ್ರ ಜೋಳ ತಿಂದು ಬರ್ತಿದ್ರಿ. ನಮ್ಮದು ಮಾರ್ಕೆಟ್ಟಲ್ಲಿ ಎಲ್ಲಿ ನಿಲ್ಸೋದು? ಗ್ಯಾಸ್ ಹಾಕಿಸೋಕೆ ಸುಂಕದಕಟ್ಟೆ ತನಕ ಹೋಗಿ ಕ್ಯೂ ನಿಂತು ಬರೋಷ್ಟರಲ್ಲಿ ಭಾನುವಾರ ಮುಗೀತು. ಆಮೇಲೆ ಅವರು ಗಾಡಿ ಒರೆಸ್ತಾರೆ, ನಾನು ಬಕೆಟ್ ಹಿಡ್ಕೋತೀನಿ."

ಅನಂತಲಕ್ಷ್ಮಿ ಪೆಚ್ಚಾದಳು. ಮೂರು ತಿಂಗಳು ಒಬ್ಬಳು ತನ್ನನ್ನು ನೋಡಿ ಕರುಬುತ್ತಿದ್ದಳು. ಪುಕ್ಕಟೆಯಾಗಿ ಸಿಗುತ್ತಿದ್ದ ಆ ಸುಖ ಗೊತ್ತೇ ಆಗದೆ ಹೋಯಿತಲ್ಲ!

"ಇನ್ನು ಆ ಸ್ಕೂಟರ್ ನಿಮಗ್ಯಾಕೆ ಬಿಡಿ," ಎಂದಳು ಕೋಕಿಲಾ.

"ಅದೂ ಇರ್ಲಿ," ಎಂದು ಅನಂತಲಕ್ಷ್ಮಿ ಥಟ್ಟನೆ ಹೇಳಿದಳು. ಕೋಕಿಲಾ ನಿಟ್ಟುಸಿರಿಟ್ಟು, ಮೊಬೈಲು ಕಿವಿಗಿಟ್ಟುಕೊಂಡು ಮನೆಗೆ ಹೋದಳು.

ಸಂಜೆ ಐದೂವರೆಗೆ ರಸ್ತೆಯ ತಿರುವಿನಲ್ಲಿ ಸ್ಕೂಟರ್ ಕೆಮ್ಮಿತು. ನೂರು ಗಾಡಿಗಳ ನಡುವೆಯೂ ಅವಳಿಗೆ ಗುರುತಿದ್ದ ಕೆಮ್ಮು. ಇವತ್ತು ಎರಡು ಮೊಳ ಹೂವು ಕೊಳ್ಳಬೇಕು, ಕೋಕಿಲಾಗೆ ಕಾಣುವ ಹಾಗೆ ಹಿಂದೆ ಕೂರಬೇಕು. ತಲೆ ಬಾಚಿ, ಪರ್ಸು ಹಿಡಿದು ಗೇಟಿಗೆ ಓಡಿದಳು.

ಸ್ಕೂಟರ್ ಎದುರುಮನೆಯ ಮುಂದೆ ನಿಂತಿತು. ಓಡಿಸುತ್ತಿದ್ದವರು ಹನುಮಯ್ಯ. ಕೋಕಿಲಾ ಸೆರಗು ಸಿಕ್ಕಿಸಿಕೊಂಡು ಬಂದು ಹಿಂದೆ ಕೂತು, ಗಂಡನ ಹೆಗಲ ಮೇಲೆ ಕೈಯಿಟ್ಟಳು.

"ಹೂವಿಗೆ ಹೋಗ್ತಾ ಇದೀವಿ ಕಣ್ರೀ. ನಿಮಗೂ ಒಂದು ಮೊಳ ತರ್ಲಾ?"

ಅವರ ಹಿಂದೆ ಹೆಲ್ಮೆಟ್ ಮಾತ್ರ ಕೈಯಲ್ಲಿ ಹಿಡಿದು ಕಿಟ್ಟಿ ನಡೆದು ಬರುತ್ತಿದ್ದ. "ಹನುಮಯ್ಯನವರು ಶೋರೂಮ್‌ಗೇ ಬಂದು ಸ್ಕೂಟರ್ ಮಾರ್ತೀರಾ ಅಂತ ಕೇಳಿದ್ರು, ಕೊಟ್ಟೆ. ಎರಡೆರಡು ಗಾಡಿ ನಿಲ್ಸೋಕೆ ಜಾಗ ಎಲ್ಲಿದೆ ಹೇಳು?"

ಅವಳು ಗೇಟಿನ ಮುಂದೆ ನೋಡಿದಳು. ನಿಜ, ಜಾಗವಿರಲಿಲ್ಲ. ರಂಗೋಲಿಗೂ ಇರಲಿಲ್ಲ. ಒಕ್ಕಣ್ಣಿನ ಕಾರು ಕುಂಕುಮ ಬಳಿದುಕೊಂಡು ಪೂರ್ತಿ ಅಂಗಳ ಆಕ್ರಮಿಸಿತ್ತು.

"ನಾವೂ ಕಾರಲ್ಲಿ ಹೋಗೋಣ್ವಾ?" ಎಂದಳು.

"ಟ್ರಾಫಿಕ್ ಕಡಿಮೆ ಆಗ್ಲಿ ಕಣೇ," ಕಿಟ್ಟಿ ಒಳಗೆ ನಡೆದ. ಬಾಗಿಲಲ್ಲಿ ತಿರುಗಿ ನಿಂತ. "ಅಂದ ಹಾಗೆ, ಎಡಕ್ಕೆ ಬಗ್ಗಿಸಿ ಹನ್ನೊಂದು ಎಣಿಸೋದು ಅವರಿಗೆ ಹೇಳೋದೇ ಮರೆತೆ. ಬೆಳಿಗ್ಗೆ ನೀನೇ ಕೋಕಿಲಾಗೆ ಹೇಳ್ಬಿಡು."

"ಆಯ್ತು," ಎಂದಳು ಅನಂತಲಕ್ಷ್ಮಿ.

ಕಾರಿನ ಮೂತಿಗೂ ಚರಂಡಿಗೂ ನಡುವೆ ಒಂದು ಮಣೆಯಷ್ಟು ನೆಲ ಉಳಿದಿತ್ತು. ಇಪ್ಪತ್ತೊಂದು ಚುಕ್ಕಿಯ ರಂಗೋಲಿಯನ್ನು ಅಷ್ಟರಲ್ಲೇ ಹಿಡಿಸಬೇಕಾದರೆ ಗಂಟೆಗಟ್ಟಲೆ ಬೇಕು. ನಾಳೆ ಬೆಳಿಗ್ಗೆ ಎದುರಿಗೆ ಹನುಮಯ್ಯ ಒದೆಯುತ್ತಲೇ ಇರಲಿ, ಒದೆಯುತ್ತಲೇ ಇರಲಿ. ತಾನು ಮಾತ್ರ ಚುಕ್ಕಿಯಿಂದ ತಲೆ ಎತ್ತುವುದಿಲ್ಲ ಎಂದುಕೊಂಡು ಅವಳು ಒಳಗೆ ಹೋಗಿ ಅನ್ನಕ್ಕಿಟ್ಟಳು.