ಕಮಾನುಪಾದ ಅಂದಾನೆಪ್ಪನ ಹೊಸಿಲ ಸಮರ

ಎಲೈ ಸಹೃದಯರೇ, ಕಿವಿಗೊಡಿ! ರಸ್ತೆಗಳು ಗುಂಡಿಗಳನ್ನು ಹೊಟ್ಟೆಯ ಮಕ್ಕಳಂತೆ ಸಾಕುತ್ತಿದ್ದ, ಕೆಂಪು ಬಸ್ಸುಗಳು ಮದಗಜಗಳಂತೆ ಘೀಳಿಡುತ್ತಿದ್ದ ಮಹಾಯುಗದಲ್ಲಿ, ಗದಗ ಪಟ್ಟಣದೊಳು ಟಿಕೆಟ್‌ವಿತರಣಧುರಂಧರನೂ ಚಿಲ್ಲರೆಕಲಹವಿಜಯಿಯೂ ಆದ ಅಂದಾನೆಪ್ಪನೆಂಬ ಕಂಡಕ್ಟರನಿದ್ದನು. ಅನ್ಯರ ಅಂಗಾಲುಗಳು ಭೂಮಿತಾಯಿಯನ್ನು ತುಂಬು ತೋಳಿನಿಂದ ಅಪ್ಪಿದರೆ, ಈ ವೀರನ ಪಾದವು ನಡುವೆ ಸೇತುವೆಯಂತೆ ಮೇಲೆದ್ದು, ದೇಹದ ಸಮಸ್ತ ಭಾರವನ್ನೂ ಹಿಮ್ಮಡಿಗೂ ಬೆರಳಬುಡಕ್ಕೂ ಹೊರಿಸಿ ತಾನು ನಿರಾಳವಾಗಿತ್ತು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅವನ ಹಿಮ್ಮಡಿ ಕೆಂಡವಾಗುತ್ತಿತ್ತು.

ಮೂಳೆವೈದ್ಯೆ ಮೊಣಕಾಲನ್ನು ಸುತ್ತಿಗೆಯಿಂದ ತಟ್ಟಿ, ಪಾದವನ್ನು ಸೂಜಿಯಿಂದ ಮುಟ್ಟಿ, ನರಗಳು ನಿರ್ದೋಷಿಗಳೆಂದು ಸಾರಿ ದಿವ್ಯಾಸ್ತ್ರಗಳನ್ನು ದಯಪಾಲಿಸಿದಳು: ಅಳತೆ ತೆಗೆದು ಮಾಡಿಸಿದ, ಬೂಟಿನೊಳಗಿಡುವ ಮೆತ್ತೆ; ಗೋಡೆಗೆ ಕೈಯೂರಿ ಮೀನಖಂಡ ಎಳೆಯುವ ವ್ಯಾಯಾಮ.

"ಆಪರೇಷನ್ ಮಾತು ಕೊನೀಗೆ," ಎಂದಳು. "ಆದ್ರ ಮನ್ಯಾಗೂ ಬರಿಗಾಲಾಗ ಅಡ್ಡಾಡಬ್ಯಾಡ್ರಿ. ಮೂರು ತಿಂಗಳದಾಗ ನೋವು ಇಳೀಲಿಲ್ಲಂದ್ರ ಬಸ್ಸಿನ ಕೆಲಸ ಬಿಟ್ಟು ಕುಂತು ಮಾಡೋ ಕೆಲಸ ನೋಡ್ಕೋಬೇಕಾಗ್ತದ."

ಕುಳಿತು! ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ, ಹೊರಡುವ ಬಸ್ಸುಗಳ ಬೆನ್ನು ನೋಡುತ್ತ!

ಎರಡು ತಿಂಗಳು ಕಳೆದರೂ ನೋವು ಜಗ್ಗಲಿಲ್ಲ. ಕಾರಣವಿಷ್ಟೆ: ವೀರನು ಅರ್ಧ ದಿನ ಶಸ್ತ್ರಧಾರಿ, ಅರ್ಧ ದಿನ ನಿರಾಯುಧ. ಮನೆಯ ಹೊಸಿಲಲ್ಲಿ ಮೆತ್ತೆಸಹಿತ ಬೂಟನ್ನು ಕಳಚಿ, ಕಾಲು ತೊಳೆದು, ಕಲ್ಲಿನಂಥ ಗಾರೆನೆಲದ ಮೇಲೆ ಬರಿಗಾಲಲ್ಲಿ ತಿರುಗುತ್ತಿದ್ದನು. ಏಕೆಂದರೆ ಹೊಸಿಲೊಳಗೆ ನಿಂತಿದ್ದವಳು ರೊಟ್ಟಿತಾಡನಪ್ರಚಂಡೆ, ಶುಚಿವ್ರತೈಕನಿಷ್ಠೆ, ಅವನ ಹೆತ್ತ ತಾಯಿ ಬಸಲಿಂಗವ್ವ.

ಒಂದು ಸಂಜೆ ಅವನು ಹೊಚ್ಚಹೊಸ ಮೆತ್ತನೆ ಚಪ್ಪಲಿಗಳನ್ನು ಗದೆಯಂತೆ ಎತ್ತಿ ಹಿಡಿದು ಗರ್ಜಿಸಿದನು:

"ಅವ್ವಾ, ಕೇಳು! ಸಂತಿ ದಿನ ತೊಂಬತ್ತು ಮಂದಿ ತುಂಬಿದ ಬಸ್ಸಿನ್ಯಾಗ ಹಿಂದಿನ ಬಾಗಲಾದಿಂದ ಮುಂದಿನ ಬಾಗಲಾಕ ದಾರಿ ಮಾಡಿದಾಂವ ನಾ. ಈ ಒಂದು ಹೊಸಿಲು ನನ್ನ ತಡೀತದೇನು?"

"ಒಂಬೈನೂರು ಮಂದೀನ ದಾಟಪ್ಪ. ಚಪ್ಪಲಿ ಮೆಟ್ಟಿ ಒಳಗ ಬಂದ್ರ ಲಟ್ಟಣಿಗಿ ಬೆನ್ನು ದಾಟ್ತದ."

"ಇವು ರಸ್ತಾನ ಕಂಡಿಲ್ಲಬೇ!"

"ಹೊಸಾದಾದ್ರೇನು, ಚಪ್ಪಲಿ ಚಪ್ಪಲೀನ. ಕಾಲು ತೊಳಕೊಂಡು ಬಾ."

ವೀರನು ಕಾಲು ತೊಳೆದನು. ಚಪ್ಪಲಿಗಳನ್ನು ಕಂಕುಳಲ್ಲಿಟ್ಟು ಒಳನಡೆದನು. ಕೆಂಪು ಗಾರೆಯ ಮೇಲೆ ಅವನ ಒದ್ದೆ ಹೆಜ್ಜೆಗಳು ಮೂಡಿದವು: ಹಿಂದೆ ಹಿಮ್ಮಡಿಯ ದ್ವೀಪ, ಮುಂದೆ ಬೆರಳುಗಳ ದ್ವೀಪಸಮೂಹ, ನಡುವೆ ಒಣನೆಲ. ಪಕ್ಕದಲ್ಲೇ ಹಿತ್ತಲಿನಲ್ಲಿ ಕಾಲು ತೊಳೆದು ಆಗಷ್ಟೇ ಬಂದ ಅವ್ವನ ಒದ್ದೆ ಹೆಜ್ಜೆಗಳಿದ್ದವು. ಚಿಕ್ಕವು ಎಂಬುದನ್ನು ಬಿಟ್ಟರೆ ಅವೂ ಅಚ್ಚು ಅಂಥವೇ.

"ಅವ್ವಾ, ನಿನಗೂ ಹಿಮ್ಮಡಿ ಉರೀತದೇನು?"

ಬಸಲಿಂಗವ್ವ ಬಗ್ಗಿ ಇಬ್ಬರ ಹೆಜ್ಜೆಗಳನ್ನೂ ಹೋಲಿಸಿ ನೋಡಿದಳು. "ನಲವತ್ತು ವರ್ಷ ನಿಂತು ರೊಟ್ಟಿ ಬಡದದ್ದಕ್ಕ ಅಂತ ತಿಳದಿದ್ದೆ," ಎಂದಳು. "ನಮ್ಮಪ್ಪನ ಕಾಲೂ ಹಿಂಗ ಇದ್ವು." ಆಮೇಲೆ, ಯಾರೋ ನೋಡುತ್ತಿರುವರೆಂಬಂತೆ ಅತ್ತಿತ್ತ ಕಣ್ಣಾಡಿಸಿ, "ತಾ ಇಲ್ಲಿ, ಒಂದ್ಸಲ ಮೆಟ್ಟಿ ನೋಡ್ತೀನಿ."

ಕೋಟೆ ಬಿದ್ದಿತು! ಅಂದಾನೆಪ್ಪ ವಿಜಯಶಾಲಿಯಾಗಿ ನಿದ್ರಿಸಿದನು.

ಬೆಳಗ್ಗೆ ಎದ್ದರೆ ಚಪ್ಪಲಿಗಳಿಲ್ಲ. ಒಲೆಯ ಮುಂದೆ, ಅವನು ಕನಸಿನಲ್ಲೂ ಚಪ್ಪಲಿ ಮೆಟ್ಟಿ ಕಾಲಿಡದ ಅಡುಗೆಮನೆಯಲ್ಲಿ, ತನ್ನ ಕಾಲಿಗಿಂತ ಎರಡು ಬೆರಳು ಉದ್ದವಾದ ಆ ಚಪ್ಪಲಿಗಳ ಮೇಲೆ ನಿಂತು ಅವ್ವ ಪಟಪಟನೆ ರೊಟ್ಟಿ ಬಡಿಯುತ್ತಿದ್ದಳು. ವೀರನು ಮೆಲ್ಲನೆ ಹೆಜ್ಜೆ ಮುಂದಿಟ್ಟನು.

"ಅಲ್ಲೇ ನಿಲ್ಲು," ಎಂದಳು ಅವ್ವ, ತಿರುಗಿಯೂ ನೋಡದೆ. "ಬರಿಗಾಲಾಗ ಒಳಗ ಬರಬ್ಯಾಡ. ಡಾಕ್ಟರು ಏನು ಹೇಳ್ಯಾರ?"