ಕೆಂಪುಬಾಳೆ ಗೊನೆಯ ಅತಿಥಿ

"ಹಾವು ಹಿಡಿಯೋರನ್ನ ಕರೀತಿಯಾ? ಇಪ್ಪತ್ತೆರಡು ವರ್ಷ ಪ್ರಾಣಿಶಾಸ್ತ್ರ ಕಲಿಸಿದಾಂವನ ಮನಿಗೆ? ಖಬರ್ದಾರ್! ಇವತ್ತ ನಾನೇ ಹಿಡೀತೀನಿ!"

ಕಲಬುರಗಿಯ ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಪವಮಾನ ಮಾಸ್ತರರು ಗುಡುಗಿದರು. ಹೆಂಡತಿ ಶುಭದಾ ಫೋನ್ ಕೆಳಗಿಟ್ಟಳು.

ಹಾವು ಬಂದದ್ದು ಕಮಲಾಪುರದಿಂದ, ಅದೂ ಬಸ್ಸಿನಲ್ಲಿ, ಮಾಸ್ತರರ ತೊಡೆಯ ಮೇಲೆ! ಮಾಸ್ತರರ ಕಾಲೇಜಿನಲ್ಲೇ ಕನ್ನಡ ಕಲಿಸುವ ಭೀಮಶಾ ತಮ್ಮ ತೋಟದ ಕೆಂಪುಬಾಳೆ ಗೊನೆಯೊಂದನ್ನು ಗೋಣಿಚೀಲದಲ್ಲಿ ಸುತ್ತಿ ಕೊಟ್ಟಿದ್ದರು. ಮಾಸ್ತರರು ಅದನ್ನು ದಾರಿಯುದ್ದಕ್ಕೂ ಕೂಸಿನಂತೆ ತಬ್ಬಿಕೊಂಡು ಬಂದರು. ಶುಭದಾ ಚೀಲ ಬಿಚ್ಚಿದ್ದೇ ತಡ, ಕಾಯಿಗಳ ನಡುವಿನಿಂದ ತೆಳ್ಳನೆಯ ಹಾವೊಂದು ಹೊರಬಿದ್ದು, ಪರದೆಯ ಮೇಲೆ ಸರಸರ ಏರಿ, ಕಿಟಕಿಯ ಮೇಲಿನ ಸರಳಿಗೆ ಸುತ್ತಿಕೊಂಡಿತ್ತು.

"ಅಂಜಬ್ಯಾಡ. ಇದು ಗಿಡದ ಹಾವು. ಬೆನ್ನ ಮ್ಯಾಲ ಕಂಚಿನ ಪಟ್ಟಿ ನೋಡು. ಹಲ್ಲಿ, ಕಪ್ಪಿ ತಿಂತದ. ವಿಷ ಇಲ್ಲ."

"ಹೆಸರೇನ್ರೀ ಅದರದು?"

"ಯಾವ ಕಾಲದ ಹೆಸರು ಬೇಕು?"

ಪಾಪ, ಅವರಾದರೂ ಏನು ಮಾಡಿಯಾರು! ಕಾಲೇಜಿನ ಬಾಟಲಿಯಲ್ಲಿ ಇಂಥದೇ ಒಂದು ಹಾವಿತ್ತು. ವಿದ್ವಾಂಸರು ಅದರ ಕುಲದ ಹೆಸರು ಬದಲಿಸಿದಾಗಲೆಲ್ಲ ಹೊಸ ಚೀಟಿ ಅಂಟಿಸಿ ಅಂಟಿಸಿ, ಈಗ ಚೀಟಿಗಳಷ್ಟೇ ಕಾಣುತ್ತಿದ್ದವು. ಹಾವು ಕಾಣುತ್ತಿರಲಿಲ್ಲ!

ಮಾಸ್ತರರು ಸ್ಟೂಲ್ ಏರಿದರು. ದಂಡಯಾತ್ರೆಗೆ ಹೊರಟ ಸುಲ್ತಾನನಂತೆ ಕೈ ಚಾಚಿದರು.

ಹಾವು ಕುತ್ತಿಗೆ ಉಬ್ಬಿಸಿತು. ಕಂದು ಹುರುಪೆಗಳು ದೂರ ಸರಿದವು. ಅವುಗಳ ಸಂದಿಯಿಂದ ನೀಲಿ ಹೊಳೆಯಿತು. ಎಂಥ ನೀಲಿ! ಶ್ರಾವಣದ ಮೋಡ ಸರಿದಾಗ ಕಾಣುವ ಆಕಾಶದ ತುಣುಕುಗಳನ್ನು ಯಾರೋ ಒಂದೊಂದಾಗಿ ಹಚ್ಚಿಟ್ಟಂತೆ. ಬಾಟಲಿಯ ಹಾವಿನಲ್ಲಿ ಈ ಬಣ್ಣ ಇರಲೇ ಇಲ್ಲ. ಇಪ್ಪತ್ತೆರಡು ವರ್ಷ ತಾವು ಪಾಠ ಮಾಡಿದ್ದು ಹಾವಿನದಲ್ಲ, ಅದರ ಹೆಣದ್ದು ಎಂದು ಮಾಸ್ತರರಿಗೆ ಆಗ ಹೊಳೆಯಿತು. ಚಾಚಿದ ಕೈ ಚಾಚಿದಲ್ಲೇ ಉಳಿಯಿತು.

ಹಾವು ಆ ಕೈಯ ಹೆಬ್ಬೆರಳನ್ನು ಕಚ್ಚಿತು.

"ಸತ್ತೆ! ಶುಭದಾ, ಆಟೋ ಕರಿ! ದವಾಖಾನಿ!"

"ವಿಷ ಇಲ್ಲ ಅಂದ್ರಿ?"

"ಪುಸ್ತಕದಾಗ ಇಲ್ಲ ಅಂತ ಬರದದ! ಆ ಪುಸ್ತಕ ಈ ಹಾವು ಓದೇದೇನು?"

ಶುಭದಾ ಬೆರಳು ನೋಡಿದಳು. ಎರಡು ಹನಿ ರಕ್ತ. ಅದನ್ನು ಸೆರಗಿನಿಂದ ಒರೆಸಿ, ಜೇಡರಬಲೆ ತೆಗೆಯುವ ಉದ್ದನೆಯ ಕೋಲು ತಂದಳು. ಕಿಟಕಿ ತೆರೆದು, ಕೋಲಿನ ಒಂದು ತುದಿಯನ್ನು ಹಾವಿನ ಬಳಿ ಹಿಡಿದು, ಇನ್ನೊಂದನ್ನು ಹೊರಗಿನ ಬೇವಿನ ಮರದ ಕಡೆ ಚಾಚಿದಳು. ಹಾವು ತುಸು ಯೋಚಿಸಿತು. ಆಮೇಲೆ ನೀರು ಹರಿದಂತೆ ಕೋಲಿನ ಮೇಲೆ ಹರಿಯಿತು. ತುದಿಗೂ ಕೊಂಬೆಗೂ ಒಂದು ಮೊಳ ಅಂತರವಿತ್ತು. ಅಷ್ಟನ್ನೂ ಅದು ಗಾಳಿಯಲ್ಲಿ ಚಿಮ್ಮಿ ದಾಟಿತು!

ಮಾಸ್ತರರ ಕಣ್ಣಲ್ಲಿ ನೀರು. ಹೆಬ್ಬೆರಳಿನ ನೆನಪೇ ಇಲ್ಲ.

ಅಷ್ಟರಲ್ಲಿ ಫೋನ್ ಬಂತು. ಭೀಮಶಾ! ಶುಭದಾ ನಡೆದದ್ದನ್ನೆಲ್ಲ ಹೇಳಿದಳು.

"ಅಯ್ಯೋ ಅಕ್ಕಾರ, ಅದಕ್ಕ ಮಂದಿ ಕೊಂಬೇರಿ ಮೂರ್ಖ ಅಂತಾರ್ರಿ. ಈಗ ಎಲ್ಲಿ ಅದ?"

ಶುಭದಾ ಹೊರಗೆ ನೋಡಿದಳು. ಒಳಗೂ ನೋಡಿದಳು. ಮಾಸ್ತರರು ಬಾಯಿ ತೆರೆದುಕೊಂಡು ಬೇವಿನ ಮರವನ್ನೇ ನೋಡುತ್ತಿದ್ದರು.

"ಒಂದು ಮೂರ್ಖ ಬೇವಿನ ಗಿಡ ಸೇರ್‍ಯದ ಭೀಮಶಾ ಸರ್," ಅಂದಳು. "ಇನ್ನೊಂದು ಸ್ಟೂಲಿನಿಂದ ಇನ್ನೂ ಇಳಿದಿಲ್ಲ."